ಮೊಳೆಗಿಂತ ಮುಂಚೆ ಗೋಡೆ ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಫ್ಲಾಟಿನ ಗೋಡೆ ಬಗ್ಗೆಯೇ ಇದ್ದವು. ಶೆಲ್ಫ್ ಕಿತ್ತುಬಂತು, ಡ್ರಿಲ್ ಒಳಗೆ ಹೋಗುತ್ತಿಲ್ಲ, ಓನರ್ ಮೊಳೆ ಹೊಡೆಯಬೇಡಿ ಅಂತಾರೆ, ತೊಟ್ಟಿಲು ಎಲ್ಲಿ ಕಟ್ಟೋದು. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್ಜಾಪುರ ರಸ್ತೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ಮಗಳ ರೂಮಿಗೆ ಪುಸ್ತಕದ ಶೆಲ್ಫ್ ಹಾಕಿಸಿದ್ದೆವು. ತಿಂಗಳು ತುಂಬುವ ಮೊದಲೇ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್ ಸಮೇತ ಕಿತ್ತುಕೊಂಡು ಬಿತ್ತು. ಪುಣ್ಯಕ್ಕೆ ಅವಳು ಸ್ಕೂಲಿಗೆ ಹೋಗಿದ್ದಳು. ಕಾರ್ಪೆಂಟರ್ "ಗೋಡೆನೇ ಸರಿಯಿಲ್ಲ ಮೇಡಂ" ಅಂತಾರೆ. ಬಿಲ್ಡರ್ ಕಡೆಯವರು ಗೋಡೆ ಗಟ್ಟಿಯಾಗಿದೆ ಅಂತಾರೆ. ಯಾರನ್ನು ನಂಬೋದು? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಮಗಳಿಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಗೋಡೆ ಕಟ್ಟಡಕ್ಕೆ ಬೇಕಾದಷ್ಟು ಗಟ್ಟಿಯಾಗಿಯೇ ಇರಬಹುದು ಮೇಡಂ. ಆದರೆ ಹಾಕಿದ ಪ್ಲಗ್ ಆ ಗೋಡೆಗೆ ಹೇಳಿದ್ದಲ್ಲ. ಯಾವ ಗೋಡೆಗೆ ಯಾವ ಪ್ಲಗ್ ಅಂತ ನೋಡದೆ, ಕೈಗೆ ಸಿಕ್ಕ ಒಂದಿಂಚಿನ ಪ್ಲಾಸ್ಟಿಕ್ ಪ್ಲಗ್ಗನ್ನೇ ಎಲ್ಲದಕ್ಕೂ ತುರುಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬೀಳುವ ವಸ್ತುಗಳಲ್ಲಿ ಹೆಚ್ಚಿನವು ಭಾರಕ್ಕೆ ಬೀಳುವುದಿಲ್ಲ, ಇದಕ್ಕೇ ಬೀಳುತ್ತವೆ.

ಮೊದಲು ನಿಮ್ಮ ಗೋಡೆ ಯಾವುದು ಅಂತ ತಿಳಿಯಬೇಕು. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಪುಡಿ ನೋಡಿದರೆ ಸಾಕು. ಕಿತ್ತುಬಂದ ತೂತಿನ ಕೆಳಗೆ ಒಂದು ಬಣ್ಣದ ಕಾಗದ ಮಡಚಿ ಟೇಪಿನಿಂದ ಅಂಟಿಸಿ. ಸಣ್ಣ ಸ್ಕ್ರೂಡ್ರೈವರ್ ತೂತಿನೊಳಗೆ ಹಾಕಿ ನಿಧಾನಕ್ಕೆ ಕೆರೆಯಿರಿ. ಮೊದಲು ಬರುವ ಹಾಲು ಬಿಳುಪಿನ ಪುಡಿ ಪೇಂಟಿನ ಕೆಳಗೆ ಹಚ್ಚುವ ಪುಟ್ಟಿಯದ್ದು. ಆಮೇಲಿನ ಬೂದು ಪುಡಿ ಪ್ಲಾಸ್ಟರಿನದ್ದು, ಅದು ಸುಮಾರು ಅರ್ಧ ಇಂಚು ದಪ್ಪ. ಅದನ್ನು ದಾಟಿ ಬರುವುದೇ ಅಸಲಿ ಗೋಡೆ. ಕೆಂಪಗೆ ಬಂದರೆ ಇಟ್ಟಿಗೆ. ಗಾಢ ಬೂದು, ಬೆರಳಲ್ಲಿ ತಿಕ್ಕಿದರೆ ಮರಳು ಮರಳು ಅಂತ ಸಿಕ್ಕರೆ ಸಿಮೆಂಟ್ ಬ್ಲಾಕ್. ಎಷ್ಟು ಕೆರೆದರೂ ಏನೂ ಬರದೆ ಸ್ಕ್ರೂಡ್ರೈವರಿನ ತುದಿ ಮಾತ್ರ ಹೊಳೆಯುತ್ತಿದ್ದರೆ ಕಾಂಕ್ರೀಟ್. ತಿಳಿ ಬೂದು ಬಣ್ಣದ ಮೆತ್ತನೆಯ ಪುಡಿ, ಟಾಲ್ಕಂ ಪೌಡರಿನ ಹಾಗೆ, ಸುಮ್ನೆ ಕೆರೆದರೂ ಸುರಿಯುತ್ತಿದ್ದರೆ ಅದು ಎಎಸಿ ಬ್ಲಾಕ್. ಕೆಲಸದವರು ಲೈಟ್‌ವೇಟ್ ಬ್ಲಾಕ್ ಅನ್ನುತ್ತಾರೆ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಇದೇ ಇರಬೇಕು.

ಈ ಬ್ಲಾಕನ್ನು ಹಾರುಬೂದಿ, ಸಿಮೆಂಟ್, ಸುಣ್ಣ ಕಲಸಿ, ಅದಕ್ಕೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸಿ ಮಾಡುತ್ತಾರೆ. ಆ ಪುಡಿಯಿಂದ ಗ್ಯಾಸ್ ಹುಟ್ಟಿ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕೆ.ಜಿ. ತೂಗಿದರೆ ಇದು ಸಾಮಾನ್ಯವಾಗಿ 550ರಿಂದ 650 ಕೆ.ಜಿ. ಎತ್ತರದ ಕಟ್ಟಡದ ಪಾಯಕ್ಕೆ ಭಾರ ಕಡಿಮೆಯಾಗುತ್ತದೆ, ಬಿಸಿಲಿನ ಬಿಸಿಯೂ ಒಳಗೆ ಬೇಗ ಬರುವುದಿಲ್ಲ. ಅದಕ್ಕೇ ಬಿಲ್ಡರ್‌ಗಳಿಗೆ ಇದು ಇಷ್ಟ. ಒಳ್ಳೆಯ ಬ್ಲಾಕೇ. ಆದರೆ ಪ್ಲಗ್ ನಿಲ್ಲುವುದು ಹೇಗೆ ಅಂತ ಯೋಚಿಸಿ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಉಬ್ಬಿ ತೂತಿನ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದಲ್ಲೇ ಅದು ಕಚ್ಚಿಕೊಳ್ಳುವುದು. ರಾಲಿಂಗ್ಸ್ ಎಂಬ ಲಂಡನ್ನಿನ ಕಂಟ್ರಾಕ್ಟರ್ 1911ರ ಹೊತ್ತಿಗೆ, ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಹಾಳಾಗದ ಹಾಗೆ ಫಿಟ್ಟಿಂಗ್ ಹಾಕಲು ಹೊರಟು ಈ ಉಪಾಯ ಕಂಡುಕೊಂಡರು. ನಾವು ರಾಲ್ ಪ್ಲಗ್ ಅನ್ನುವುದು ಅವರ ಹೆಸರಿನಿಂದಲೇ. ಒತ್ತಿದರೆ ತಡೆದುಕೊಳ್ಳುವ ಗೋಡೆಗೆ ಆ ಉಪಾಯ ಸರಿ. ಗುಳ್ಳೆ ತುಂಬಿದ ಬ್ಲಾಕನ್ನು ಒತ್ತಿದರೆ ಅದು ಪುಡಿಯಾಗುತ್ತದೆ ಅಷ್ಟೇ. ಅದರ ಮೇಲೆ ಡ್ರಿಲ್ಲನ್ನು ಹ್ಯಾಮರ್ ಮೋಡಿನಲ್ಲಿ, ಅಂದರೆ ತಿರುಗುತ್ತಾ ಗುದ್ದುವ ಹಾಗೆ ಓಡಿಸಿದ್ದರೆ ತೂತು ಮೊದಲೇ ಅಗಲವಾಗಿ ಹೋಗಿರುತ್ತದೆ. ಒಂದಿಂಚಿನ ಪ್ಲಗ್ಗಿನಲ್ಲಿ ಅರ್ಧ ಪ್ಲಾಸ್ಟರಿನಲ್ಲೇ ಕಳೆಯಿತು, ಬ್ಲಾಕಿಗೆ ಸಿಕ್ಕಿದ್ದು ಇನ್ನರ್ಧ ಇಂಚು. ಅಷ್ಟರಲ್ಲಿ ಏನು ನಿಲ್ಲುತ್ತದೆ?

ಹಾಗಾಗಿ ಕಾರ್ಪೆಂಟರಿಗೆ ಹೀಗೆ ಹೇಳಿ. ಹ್ಯಾಮರ್ ಆಫ್ ಮಾಡಿ, ಬರೀ ತಿರುಗಿಸಿ ತೂತು ಮಾಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಎಸಿ ಬ್ಲಾಕಿಗೆ ಅಂತಲೇ ಬರುವ ನೈಲಾನ್ ಪ್ಲಗ್ ತನ್ನಿ. ಮೈಮೇಲೆ ದೊಡ್ಡ ರೆಕ್ಕೆ ಅಥವಾ ಸ್ಕ್ರೂವಿನಂಥ ಸುರುಳಿ ಇರುತ್ತದೆ. ಪ್ಲಾಸ್ಟರ್ ಬಿಟ್ಟು ಬ್ಲಾಕಿನೊಳಗೇ 2 ಇಂಚು ಹೋಗುವಷ್ಟು ಉದ್ದದ್ದು ಬೇಕು. ತೂತು ಮಾಡಿದ ಮೇಲೆ ಪುಡಿಯನ್ನು ಊದಿ ತೆಗೆಯಿರಿ. ಹಳೆಯ ತೂತುಗಳನ್ನು ಮುಟ್ಟಬೇಡಿ, ಪಕ್ಕಕ್ಕೆ ಎರಡು ಮೂರು ಇಂಚು ಸರಿದು ಹೊಸದು ಮಾಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೂರಡಿ ಶೆಲ್ಫಿನ ತುಂಬ ಪಠ್ಯಪುಸ್ತಕ ಜೋಡಿಸಿದರೆ 20 ಕೆ.ಜಿ. ಸುಲಭವಾಗಿ ದಾಟುತ್ತದೆ. ಎರಡು ಬ್ರಾಕೆಟ್ ಇದ್ದರೆ ತಲಾ 10 ಕೆ.ಜಿ. ಶೆಲ್ಫ್ 10 ಇಂಚು ಅಗಲ ಅಂದರೆ ಆ ಭಾರ ಗೋಡೆಯಿಂದ 5 ಇಂಚು ಮುಂದೆ ನಿಂತು ಬ್ರಾಕೆಟ್ಟನ್ನು ಮುಂದಕ್ಕೆ ಬಗ್ಗಿಸುತ್ತಿರುತ್ತದೆ. ಗೋಡೆಗೆ ತಾಗಿ ಇಳಿಯುವ ಬ್ರಾಕೆಟ್ಟಿನ ಕಾಲು ಮೇಲಿನ ಸ್ಕ್ರೂವಿನಿಂದ 5 ಇಂಚು ಕೆಳಗಿನವರೆಗೆ ಇದ್ದರೆ ಆ ಮೇಲಿನ ಸ್ಕ್ರೂವನ್ನು ಹೊರಗೆಳೆಯುವ ಬಲ ಸುಮಾರು 10 ಕೆ.ಜಿ.ಯಷ್ಟು. ಕಾಲು ಎರಡೂವರೆ ಇಂಚು ಮಾತ್ರ ಇದ್ದರೆ ಅದೇ ಪುಸ್ತಕ, ಅದೇ ಶೆಲ್ಫ್, ಎಳೆತ 20 ಕೆ.ಜಿ. ನೋಡಲು ಚೆಂದ ಅಂತ ಸಣ್ಣ ಬ್ರಾಕೆಟ್ ಹಾಕಿಸಿಕೊಂಡವರ ಶೆಲ್ಫೇ ಮೊದಲು ಬೀಳುವುದು. ಕಾಲು ಉದ್ದ ಇರುವ ಬ್ರಾಕೆಟ್ ತಗೊಳ್ಳಿ.

ನನ್ನನ್ನು ಕೇಳಿದರೆ ಮಗಳ ಪುಸ್ತಕಕ್ಕೆ ನೆಲದ ಮೇಲೆ ನಿಲ್ಲುವ ಕಪಾಟೇ ಒಳ್ಳೆಯದು. ಅದನ್ನೂ ಮೇಲ್ಗಡೆ ಒಂದು ಎಲ್ ಪಟ್ಟಿ ಹಾಕಿ ಗೋಡೆಗೆ ಕಟ್ಟಿಬಿಡಿ, ಮಕ್ಕಳು ಮೇಲಿನ ಪುಸ್ತಕಕ್ಕೆ ಕೆಳಗಿನ ಅರೆ ಹತ್ತುತ್ತಾರೆ. ಗೋಡೆಗೇ ಶೆಲ್ಫ್ ಬೇಕು ಅಂದರೆ ಹಾಸಿಗೆಯ ತಲೆದೆಸೆಯ ಮೇಲೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಬಾಗಿಲ ಪಕ್ಕ ಸ್ವಿಚ್‌ಬೋರ್ಡ್ ಇದೆ. ಅದರ ಸರಿಯಾಗಿ ಮೇಲೆ ಕೀ ಹ್ಯಾಂಗರ್ ಹಾಕಿದರೆ ಅನುಕೂಲ. ಹಾಕಬಹುದಾ? (ಓದುಗರು, ಮೈಸೂರು)

ಉತ್ತರ: ಬೇಡ. ಬೋರ್ಡಿನಿಂದ ವೈರಿನ ಪೈಪು ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೆ, ಸೀಲಿಂಗಿನವರೆಗೆ ಹೋಗಿರುತ್ತದೆ. ಪಕ್ಕದ ಬೋರ್ಡಿಗೆ ಅಡ್ಡಡ್ಡ ಹೋಗಿರುವುದೂ ಉಂಟು. ಬೋರ್ಡಿನ ಮೇಲೆ, ಕೆಳಗೆ, ಅದರ ನೇರಕ್ಕೆ ಎಡಬಲ ಎಲ್ಲೂ ಮೊಳೆಯೂ ಬೇಡ, ಡ್ರಿಲ್ಲೂ ಬೇಡ. ಒಂದು ಅಡಿ ಪಕ್ಕಕ್ಕೆ, ಬೋರ್ಡಿನ ಎತ್ತರವನ್ನೂ ತಪ್ಪಿಸಿ ಹಾಕಿ. ಹಾಗೆಯೇ ಬಾತ್‌ರೂಮಿಗೆ, ಅಡುಗೆಮನೆಯ ಸಿಂಕಿಗೆ ಬೆನ್ನು ಕೊಟ್ಟ ಗೋಡೆಯಾದರೆ ಹಿಂದೆ ನಲ್ಲಿ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ, ನೀರಿನ ಪೈಪು ಅದರ ನೇರಕ್ಕೇ ಬಂದಿರುತ್ತದೆ. ಅನುಮಾನ ಇದ್ದರೆ ಆ ರೂಮಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಬೇರೆ ರೂಮಿನಿಂದ ಎಕ್ಸ್‌ಟೆನ್ಷನ್ ವೈರ್ ತಂದು ಡ್ರಿಲ್ ಮಾಡಿ.

ಪ್ರಶ್ನೆ: ಬಾಡಿಗೆ ಮನೆ. ಓನರ್ ಒಂದೂ ಮೊಳೆ ಹೊಡೆಯಬಾರದು ಅಂತ ಮೊದಲೇ ಹೇಳಿದ್ದಾರೆ. ಮದುವೆ ಫೋಟೊ, ದೇವರ ಫೋಟೊ ಎಲ್ಲ ಪೆಟ್ಟಿಗೆಯಲ್ಲೇ ಇವೆ. ಅಂಟಿಸುವ ಪಟ್ಟಿ ನಂಬಬಹುದಾ? (ಹೊಸ ದಂಪತಿ, ಹೆಬ್ಬಾಳ)

ಉತ್ತರ: ಹಗುರ ವಸ್ತುವಿಗೆ ನಂಬಬಹುದು. ಕಮಾಂಡ್ ಬ್ರ್ಯಾಂಡಿನ ಥರದ ಪಟ್ಟಿಗಳು ನಯವಾದ ಎಮಲ್ಷನ್ ಪೇಂಟಿನ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಯಾದರೆ ದುಡ್ಡು ದಂಡ. ಪಟ್ಟಿ ಬಣ್ಣವನ್ನು ಬಿಡದೆ ಹಿಡಿದಿರುತ್ತದೆ, ಬಣ್ಣವೇ ಗೋಡೆಯನ್ನು ಬಿಟ್ಟು ಹಾಳೆಯಂತೆ ಎದ್ದು ಬರುತ್ತದೆ. ಯಾವ ಪೇಂಟ್ ಅಂತ ಗೊತ್ತಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಮೂಲೆಯೊಂದನ್ನು ಒರೆಸಿ, ಬಟ್ಟೆಗೆ ಬಣ್ಣ ಹತ್ತಿದರೆ ಆ ಆಸೆ ಬಿಡಿ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಕನಿಷ್ಠ ಒಂದು ವಾರ ಕಾಯಿರಿ. ಗೋಡೆಯನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಪಟ್ಟಿ ಇಟ್ಟು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ, ಒಂದು ಗಂಟೆ ಬಿಟ್ಟು ಫೋಟೊ ನೇತುಹಾಕಿ. ಪ್ಯಾಕೆಟ್ ಮೇಲೆ ಬರೆದ ತೂಕದ ಅರ್ಧ ಮಾತ್ರ ಹಾಕುವುದು ನನ್ನ ಅಭ್ಯಾಸ, ಅದರಲ್ಲೂ ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆ ಆದರೆ. ತೆಗೆಯುವಾಗ ನಿಮ್ಮ ಕಡೆಗೆ ಎಳೆಯಬೇಡಿ. ಪಟ್ಟಿಯ ಇಳಿಬಿದ್ದ ತುದಿಯನ್ನು ಗೋಡೆಗೆ ಒತ್ತಿದ ಹಾಗೆ ನೆಟ್ಟಗೆ ಕೆಳಕ್ಕೆ, ನಿಧಾನಕ್ಕೆ, ಉದ್ದಕ್ಕೆ ಎಳೆಯಿರಿ.

ಗಾಜಿನ ಭಾರದ ಮದುವೆ ಫೋಟೊಗೆ ಇದು ಬೇಡ. ಅದನ್ನು ಒಂದು ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಡಿ, ಅದೂ ಚೆನ್ನಾಗಿಯೇ ಕಾಣುತ್ತದೆ. ದೇವರ ಫೋಟೊಗೂ ಪಟ್ಟಿ ಬೇಡ. ದೀಪದ ಬಿಸಿ, ಊದುಬತ್ತಿಯ ಹೊಗೆ, ಎಣ್ಣೆ ಪಸೆ, ಮೇಲಿಂದ ದಿನಾ ಹೂವಿನ ಹಾರ ಹಾಕಿ ತೆಗೆಯುವ ಎಳೆದಾಟ, ಇಷ್ಟರಲ್ಲಿ ಅಂಟು ಎಷ್ಟು ದಿನ ಬಾಳುತ್ತದೆ? ಕೆಳಗೆ ದೀಪ ಉರಿಯುತ್ತಿರುವಾಗ ಫೋಟೊ ಬೀಳುವುದು ಅಪಾಯ. ಒಂದು ಪುಟ್ಟ ಮಂಟಪ ತಂದು ಕೂರಿಸಿ.

ಇದರ ಜೊತೆಗೆ ಓನರ್ ಹತ್ತಿರ ಒಮ್ಮೆ ಬಾಯಿಬಿಟ್ಟು ಮಾತಾಡಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಹೇಗೂ ರೂಢಿ. ಅದೇ ದುಡ್ಡಿನಲ್ಲಿ ನಾಲ್ಕು ತೂತು ಮುಚ್ಚಲು ಏನು ಕಷ್ಟ, ಅಲ್ವಾ? "ನಾಲ್ಕೇ ತೂತು, ಇಂತಿಂಥ ಜಾಗದಲ್ಲಿ, ಹೋಗುವಾಗ ಪುಟ್ಟಿ ಹಾಕಿ ಮುಚ್ಚುತ್ತೇವೆ" ಅಂತ ವಾಟ್ಸ್ಯಾಪಿನಲ್ಲಿ ಬರೆದು ಒಪ್ಪಿಗೆ ತಗೊಳ್ಳಿ. ಈಗಾಗಲೇ ಇರುವ ತೂತು, ಮೊಳೆಗಳ ಫೋಟೊ ಇವತ್ತೇ ತೆಗೆದು ಅವರಿಗೆ ಕಳಿಸಿ.

ಪ್ರಶ್ನೆ: 55 ಇಂಚಿನ ಟಿವಿ ಹಾಕಬೇಕು. ಮನೆಯಲ್ಲಿರುವ ಡ್ರಿಲ್ ಹತ್ತು ನಿಮಿಷ ಕಿರುಚಿದರೂ ಗೋಡೆಯಲ್ಲಿ ಒಂದು ಗುಳಿ ಬಿದ್ದಿದೆ ಅಷ್ಟೇ. ಕೆಳಗಿನ ಮನೆಯವರು ಬಂದು ಜಗಳ ಮಾಡಿ ಹೋದರು. (ಓದುಗರು, ವೈಟ್‌ಫೀಲ್ಡ್)

ಉತ್ತರ: ನಿಮ್ಮದು ಮೈವಾನ್ ಕಟ್ಟಡ ಇರಬೇಕು. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ, ಸ್ಲ್ಯಾಬ್ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಇಂಥ ಗೋಡೆಗೆ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಎಲ್ಲಕ್ಕಿಂತ ಗಟ್ಟಿ ಹಿಡಿತ ಸಿಗುವುದು ಇದರಲ್ಲೇ. ಸಾಮಾನ್ಯ ಡ್ರಿಲ್ಲಿಗೆ ಬಗ್ಗುವುದಿಲ್ಲ ಅಷ್ಟೇ. ರೋಟರಿ ಹ್ಯಾಮರ್ ಅಂತ ಬರುತ್ತದೆ, ಅದರ ಬಿಟ್, ಅಂದರೆ ಕೊರೆಯುವ ಕಡ್ಡಿಯ ಹಿಂಬದಿಯಲ್ಲಿ ಉದ್ದುದ್ದ ತೋಡುಗಳಿರುತ್ತವೆ, ಹಾರ್ಡ್‌ವೇರ್ ಅಂಗಡಿಯಲ್ಲಿ ದಿನಬಾಡಿಗೆಗೂ ಸಿಗುತ್ತದೆ. ಅದರಲ್ಲಿ ಒಂದು ತೂತಿಗೆ ಅರ್ಧ ನಿಮಿಷ ಸಾಕು. ಕಾಂಕ್ರೀಟ್ ಕಟ್ಟಡದಲ್ಲಿ ಸದ್ದು ಎರಡು ಮೂರು ಮಹಡಿ ದಾಟಿ ಹೋಗುತ್ತದೆ. ಹಾಗಾಗಿ ಎಲ್ಲ ತೂತುಗಳಿಗೂ ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಅಸೋಸಿಯೇಷನ್ ಹೇಳಿದ ಹೊತ್ತಿನಲ್ಲಿ, ಕೆಳಗಿನವರಿಗೆ ಒಂದು ಮಾತು ಹೇಳಿ ಒಂದೇ ಸಲಕ್ಕೆ ಮುಗಿಸಿ.

ಡ್ರಿಲ್ ಬಿಟ್ ಒಂದಿಂಚು ಹೋಗಿ ತಟ್ಟನೆ ನಿಂತು, ಲೋಹದ ಸದ್ದು ಬಂದು, ಪುಡಿಯಲ್ಲಿ ಹೊಳೆಯುವ ಚೂರು ಕಂಡರೆ ಅದು ಕಬ್ಬಿಣದ ಕಂಬಿ. ಅದನ್ನು ಕೊರೆಯಲು ಹೋಗಬೇಡಿ. ಒಂದೂವರೆ ಇಂಚು ಸರಿದು ಬೇರೆ ತೂತು ಮಾಡಿ, ಹಳೆಯದನ್ನು ಸಿಮೆಂಟಿನಿಂದ ಗಟ್ಟಿಯಾಗಿ ಮುಚ್ಚಿ. ವೈರ್ ಮುಚ್ಚಲು ಗೋಡೆ ಕಟಿಂಗ್ ಮಾಡಿಸುವುದಂತೂ ಬೇಡವೇ ಬೇಡ. ಇಲ್ಲಿ ಕಟ್ಟಡವನ್ನು ಹೊತ್ತಿರುವುದೇ ಆ ಗೋಡೆ. ಗೋಡೆಯ ಹೊರಮೈ ಮೇಲೇ ವೈರ್ ಮುಚ್ಚುವ ಕೇಸಿಂಗ್ ಪಟ್ಟಿ ಹಾಕಿ, ಅದಕ್ಕೆ ಗೋಡೆಯ ಬಣ್ಣವನ್ನೇ ಹಚ್ಚಿದರೆ ಆಯಿತು. ಮುಂದಕ್ಕೆ ಎಳೆದು ತಿರುಗಿಸುವ ತೋಳಿನ ಬ್ರಾಕೆಟ್ ಆದರೆ, ಶೆಲ್ಫಿಗೆ ಹೇಳಿದ ಲೆಕ್ಕವೇ ಇಲ್ಲೂ. ಟಿವಿ ಗೋಡೆಯಿಂದ ದೂರ ಬಂದಷ್ಟೂ ಮೇಲಿನ ಬೋಲ್ಟ್ ಮೇಲೆ ಎಳೆತ ಜಾಸ್ತಿ.

ಪ್ರಶ್ನೆ: ತೂತು ದೊಡ್ಡದಾಗಿ ಪ್ಲಗ್ ಸುಮ್ನೆ ತಿರುಗುತ್ತಿತ್ತು. ಎಲೆಕ್ಟ್ರಿಷಿಯನ್ ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿ ಹೋದರು. ನಡೆಯುತ್ತಾ? (ಓದುಗರು, ಹುಬ್ಬಳ್ಳಿ)

ಉತ್ತರ: ಕ್ಯಾಲೆಂಡರಿಗೆ ನಡೆಯುತ್ತದೆ. ಕನ್ನಡಿ, ಗೋಡೆ ಫ್ಯಾನ್, ಪರದೆಯ ರಾಡ್ ಇವಕ್ಕೆ ನಡೆಯುವುದಿಲ್ಲ. ಪ್ಲಗ್ ತೆಗೆದು, ಅದೇ ತೂತನ್ನು ಒಂದು ಸೈಜು ದೊಡ್ಡದು ಮಾಡಿ ದೊಡ್ಡ ಪ್ಲಗ್ ಹಾಕಿಸಿ. 6 ಮಿ.ಮೀ. ಇದ್ದರೆ 8. ಡ್ರಿಲ್ ಒಮ್ಮೆಲೇ ದುಡುಮ್ಮನೆ ಒಳಗೆ ಹೋಗಿದ್ದರೆ ಅದು ಹಾಲೋ ಬ್ಲಾಕ್, ಅಲ್ಲಿ ಎಷ್ಟು ದೊಡ್ಡ ಪ್ಲಗ್ ಹಾಕಿದರೂ ಹಿಂದೆ ಗಾಳಿಯೇ. ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಕೇಳಿ ತನ್ನಿ.

ಪ್ರಶ್ನೆ: ಮೊಮ್ಮಗಳ ನಾಮಕರಣ ಬೆಂಗಳೂರಿನ ಮಗನ ಫ್ಲಾಟಿನಲ್ಲಿ. ನಮ್ಮ ಮನೆಯ ಹಳೇ ಮರದ ತೊಟ್ಟಿಲು ತಗೊಂಡು ಹೋಗಬೇಕು ಅಂತಿದ್ದೇವೆ. ಊರಲ್ಲಿ ತೊಲೆಗೆ ಕಟ್ಟುತ್ತಿದ್ದೆವು. ಅಲ್ಲಿ ಫ್ಯಾನಿನ ಹುಕ್ಕಿಗೆ ಕಟ್ಟಬಹುದಾ? ಮುಂದೆ ಅಲ್ಲೇ ಉಯ್ಯಾಲೆ ಹಾಕುವ ಆಸೆಯೂ ಇದೆ. (ಒಬ್ಬ ಅಜ್ಜಿ, ದಾವಣಗೆರೆ)

ಉತ್ತರ: ತೊಟ್ಟಿಲು ಖಂಡಿತ ತಗೊಂಡು ಹೋಗಿ ಅಮ್ಮಾ. ಆದರೆ ಫ್ಯಾನಿನ ಹುಕ್ಕಿಗೆ ಕಟ್ಟಬೇಡಿ. ಆ ಹುಕ್ಕು ಸ್ಲ್ಯಾಬಿನ ಎರಕದಲ್ಲಿ ಬಗ್ಗಿಸಿ ಇಟ್ಟ ಒಂದು ಕಂಬಿ. ಫ್ಯಾನಿನ ತೂಕ ಐದಾರು ಕೆ.ಜಿ., ಅದೂ ನೇರ ಕೆಳಕ್ಕೆ ಜಗ್ಗುತ್ತದೆ. ತೊಟ್ಟಿಲು ಭಾರವಾಗಿರುವುದಲ್ಲದೆ ಅಕ್ಕಪಕ್ಕಕ್ಕೂ ಎಳೆಯುತ್ತದೆ. ಎರಕ ಹಾಕುವ ದಿನ ಕೆಲಸದವರು ಆ ಕಂಬಿಯನ್ನು ಸ್ಲ್ಯಾಬಿನ ಕಂಬಿಗೆ ಸರಿಯಾಗಿ ಸಿಕ್ಕಿಸಿದ್ದಾರಾ ಅಂತ ಈಗ ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ. ಪಕ್ಕದಲ್ಲೇ ಕರೆಂಟಿನ ವೈರು ಬೇರೆ. ಹಸುಗೂಸನ್ನು ಅಂಥ ಅನುಮಾನಕ್ಕೆ ಕಟ್ಟುವುದು ಬೇಡ.

ನಾಮಕರಣಕ್ಕೆ ತೊಟ್ಟಿಲಿನ ಸ್ಟ್ಯಾಂಡ್ ತರಿಸಿ. ಸಮಾರಂಭದ ಸಾಮಾನು ಕೊಡುವವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ನಿಮ್ಮ ತೊಟ್ಟಿಲಿನ ಅಗಲ, ಸರಪಳಿಯ ಉದ್ದ ಅಳತೆ ಮಾಡಿ ಹೇಳಿದರೆ ಆಯಿತು. ಕಾಲು ಅಗಲವಾಗಿರುವ ಸ್ಟ್ಯಾಂಡ್ ಆರಿಸಿ. ಹಿಂದಿನ ದಿನವೇ ನಿಲ್ಲಿಸಿ, ತೊಟ್ಟಿಲಿಗೆ 10 ಕೆ.ಜಿ. ಅಕ್ಕಿ ಚೀಲ ಹಾಕಿ ಜೋರಾಗಿ ತೂಗಿ ನೋಡಿ. ಹಳೆಯ ತೊಟ್ಟಿಲಿನ ಕೊಂಡಿಗಳು ಸವೆದಿರುತ್ತವೆ, ಒಂದಕ್ಕೊಂದು ತಿಕ್ಕುವ ಜಾಗದಲ್ಲಿ ಬೆರಳಾಡಿಸಿ ನೋಡಿ. ತೆಳ್ಳಗಾಗಿದ್ದರೆ ಹೊಸ ಕೊಂಡಿ ಹಾಕಿಸಿ.

ಉಯ್ಯಾಲೆಯ ವಿಷಯ ಸ್ವಲ್ಪ ದೊಡ್ಡದು. ಇಬ್ಬರು ಕೂತರೆ 130 ಕೆ.ಜಿ., ಮಣೆ, ಸರಪಳಿ ಸೇರಿ 155 ಅಂತಿಟ್ಟುಕೊಳ್ಳಿ. ಸರಪಳಿ 45 ಡಿಗ್ರಿ ವಾಲುವಷ್ಟು ಜೀಕಿದರೆ, ಕೆಳಗೆ ಬರುವ ಹೊತ್ತಿಗೆ ಎಳೆತ ತೂಕದ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಅಂದರೆ 240 ಕೆ.ಜಿ. ದಾಟುತ್ತದೆ. ಮಕ್ಕಳು ನಾಲ್ಕು ಜನ ಹತ್ತಿದರೆ ಕೇಳುವುದೇ ಬೇಡ. ಇದನ್ನು ಪ್ಲಾಸ್ಟಿಕ್ ಪ್ಲಗ್ ಹೊರಲಾರದು. ಸ್ಲ್ಯಾಬಿನ ಕಾಂಕ್ರೀಟಿಗೆ ಉಕ್ಕಿನ ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟ್), 12 ಮಿ.ಮೀ. ದಪ್ಪದ್ದು, ಒಂದೊಂದು ಕಡೆಗೆ ಒಂದೇ ಬೋಲ್ಟಿನ ಬದಲು ನಾಲ್ಕು ಬೋಲ್ಟಿನ ಪ್ಲೇಟ್ ಹಾಕಿಸಬೇಕು. ಕೆಳಗೆ ಕಾಣುವ ಜಿಪ್ಸಂ ಸೀಲಿಂಗ್ ಏನೂ ಹೊರುವುದಿಲ್ಲ, ಬೋಲ್ಟ್ ಅದನ್ನು ದಾಟಿ ಸ್ಲ್ಯಾಬಿಗೇ ಹೋಗಬೇಕು.

ಅದಕ್ಕೂ ಮೊದಲು ಮಗನಿಗೆ ಹೇಳಿ, ಸ್ಲ್ಯಾಬ್ ಪೋಸ್ಟ್ ಟೆನ್ಷನ್ ಥರದ್ದಾ ಅಂತ ಬಿಲ್ಡರಿನ ಎಂಜಿನಿಯರನ್ನು ಲಿಖಿತವಾಗಿ ಕೇಳಲಿ. ಅಂಥ ಸ್ಲ್ಯಾಬಿನೊಳಗೆ ಬಹಳ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಕೇಬಲ್ ಇರುತ್ತದೆ. ಡ್ರಿಲ್ ತಾಗಿ ಅದು ತುಂಡಾದರೆ ಡ್ರಿಲ್ ಹಿಡಿದವರ ಪ್ರಾಣಕ್ಕೂ, ಕಟ್ಟಡಕ್ಕೂ ಅಪಾಯ. ಹೌದು ಅಂದರೆ ಅಲ್ಲಿಗೆ ಬಿಟ್ಟುಬಿಡಿ, ನೆಲದ ಮೇಲೆ ನಿಲ್ಲುವ ಉಯ್ಯಾಲೆ ತಗೊಳ್ಳಿ. ಅಲ್ಲ ಅಂದರೆ ಎಂಜಿನಿಯರ್ ತೋರಿಸಿದ ಜಾಗದಲ್ಲಿ ಹಾಕಿಸಿ, ಮನುಷ್ಯರು ಕೂರುವ ಮೊದಲು ಅಕ್ಕಿ ಚೀಲಗಳನ್ನು ಹೇರಿ ಒಂದು ದಿನ ಬಿಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಅಪಾರ್ಟ್‌ಮೆಂಟ್. ಊರಿಂದ ತಂದ ತಂಜಾವೂರು ಚಿತ್ರ ಸುಮಾರು ಹತ್ತು ಕೆ.ಜಿ. ಇದೆ. ಇಲ್ಲಿನ ಗೋಡೆ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. (ಕನ್ನಡಿಗರೊಬ್ಬರು)

ಉತ್ತರ: ಅಲ್ಲಿ ಗೋಡೆ ಅಂದರೆ ಸಾಮಾನ್ಯವಾಗಿ ಅರ್ಧ ಇಂಚಿನ ಜಿಪ್ಸಂ ಹಲಗೆ, ಅದರ ಹಿಂದೆ ಮರದ ಕಂಬ. ಕಂಬಗಳ ನಡುವಿನಿಂದ ನಡುವಿಗೆ ಹೆಚ್ಚಾಗಿ 16 ಇಂಚು. ಫ್ರಿಜ್ಜಿನ ಮೇಲಿನ ಬಲವಾದ ಮ್ಯಾಗ್ನೆಟ್ ಒಂದನ್ನು ಗೋಡೆ ಮೇಲೆ ಸವರುತ್ತಾ ಹೋಗಿ, ಹಲಗೆಯನ್ನು ಕಂಬಕ್ಕೆ ಬಿಗಿದ ಸ್ಕ್ರೂ ಇದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ. ಅದೇ ನೇರಕ್ಕೆ ಮೇಲೆ ಕೆಳಗೆ ಇನ್ನೂ ಒಂದೆರಡು ಸಿಕ್ಕರೆ ಕಂಬ ಅಲ್ಲೇ. ಅಲ್ಲಿ ಪ್ಲಗ್ ಬೇಕಾಗಿಲ್ಲ, ಎರಡೂವರೆ ಇಂಚಿನ ಮರದ ಸ್ಕ್ರೂ ನೇರವಾಗಿ ಹಾಕಿ. ಮ್ಯಾಗ್ನೆಟ್ ಉದ್ದಕ್ಕೂ ಬಿಡದೆ ಕಚ್ಚಿದರೆ ಅದು ಮರವಲ್ಲ, ತಗಡಿನ ಕಂಬ ಇರಬಹುದು. ಅಲ್ಲಿಗೆ ಟಾಗಲ್ ಬೋಲ್ಟ್ ಬೇಕು.

ಪ್ರಶ್ನೆ: ಬಾತ್‌ರೂಮಿನ ಟೈಲ್ಸ್ ಮೇಲೆ 25 ಲೀಟರಿನ ಗೀಸರ್ ಹಾಕಿಸಬೇಕು. ಟೈಲ್ ಒಡೆಯುತ್ತದೆ ಅನ್ನೋ ಭಯ. (ಓದುಗರು, ಮಂಗಳೂರು)

ಉತ್ತರ: ಟೈಲ್ ಒಡೆಯದ ಹಾಗೆ ಮಾಡುವುದು ಸುಲಭ. ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿ, ಡ್ರಿಲ್ಲಿಗೆ ಭರ್ಜಿಯಂಥ ಮೊನೆಯ, ಟೈಲ್ ಕೊರೆಯುವ ಬಿಟ್ ಹಾಕಿ, ಹ್ಯಾಮರ್ ಇಲ್ಲದೆ ನಿಧಾನಕ್ಕೆ ಟೈಲನ್ನು ಪೂರ್ತಿ ದಾಟಿಸಿ, ಆಮೇಲೆ ಅದನ್ನು ತೆಗೆದು ಗೋಡೆಗೆ ತಕ್ಕ ಬಿಟ್ ಹಾಕಿ. ಟೈಲಿನ ಅಂಚಿನಿಂದ ಒಂದಿಂಚಾದರೂ ಒಳಗೆ ಇರಲಿ.

ನೀವು ಹೆದರಬೇಕಾದದ್ದು ಭಾರಕ್ಕೆ. ನೀರೇ 25 ಕೆ.ಜಿ., ಟ್ಯಾಂಕೂ ಸೇರಿ 35ರ ಹತ್ತಿರ. ಖಾಲಿ ಗೀಸರನ್ನು ನೇತುಹಾಕಿ ಜಗ್ಗಿ ನೋಡಿ "ಗಟ್ಟಿಯಿದೆ ಸಾರ್" ಅಂತ ಹೇಳಿ ಹೋದರೆ ಒಪ್ಪಬೇಡಿ, ನೀರು ತುಂಬಿಸಿ ನೋಡುವ ತನಕ ಅವರನ್ನು ಕೂರಿಸಿಕೊಳ್ಳಿ. ಡ್ರಿಲ್ ಮಾಡುವಾಗ ಪಕ್ಕದಲ್ಲೇ ನಿಂತು ಪುಡಿಯ ಬಣ್ಣ ನೋಡಿ. ಮಂಗಳೂರಿನ ಹಳೆಯ ಕಟ್ಟಡಗಳಲ್ಲಿ ಜಂಬಿಟ್ಟಿಗೆ ಇರಬಹುದು, ಇಟ್ಟಿಗೆಗಿಂತ ಒರಟಾದ ಕೆಂಪು ಪುಡಿ ಬರುತ್ತದೆ. ಅದರೊಳಗೆ ಅಲ್ಲಲ್ಲಿ ಪೊಳ್ಳು ಇರುತ್ತದೆ. ಡ್ರಿಲ್ ಒಂದು ಕಡೆ ಸಡಿಲವಾಗಿ ಹೋದರೆ ಆ ತೂತು ಬಿಟ್ಟು ಬೇರೆ ಮಾಡಿಸಿ, ಇಲ್ಲವೇ ಕೆಮಿಕಲ್ ಆಂಕರ್ ಹಾಕಿಸಿ. ಅಂಟನ್ನು ತೂತಿಗೆ ತುಂಬಿ ಬೋಲ್ಟ್ ಕೂರಿಸುತ್ತಾರೆ, ಪೊಳ್ಳಿದ್ದರೆ ಮೊದಲು ತೂತಿಗೆ ಜಾಲರಿಯ ಕೊಳವೆ ಹಾಕಿ. ಪ್ಯಾಕಿನಲ್ಲಿ ಬರೆದಷ್ಟು ಹೊತ್ತು ಗಟ್ಟಿಯಾಗಲು ಬಿಟ್ಟು, ಆಮೇಲೆ ಗೀಸರ್ ಏರಿಸಬೇಕು. ಕೊನೆಗೆ ಬೋಲ್ಟಿನ ಸುತ್ತ ಸಿಲಿಕಾನ್ ಹಚ್ಚಿಸಿ, ಇಲ್ಲದಿದ್ದರೆ ನೀರು ಆ ತೂತಿನಿಂದಲೇ ಗೋಡೆಗೆ ಇಳಿಯುತ್ತದೆ.